ಸರ್ ಮಿರ್ಜಾ ಇಸ್ಮಾಯಿಲ್ ಮತ್ತು ಬೆಳಕಿನ ಮಂಡಲ

ಕರ್ನಾಟಕದ ಇತಿಹಾಸದಲ್ಲಿ ಸರ್ ಮಿರ್ಜಾ ಇಸ್ಮಾಯಿಲ್ ಅವರ ಹೆಸರನ್ನು ನೀವು ಸಮಾಜ ವಿಜ್ಞಾನದ ಪುಸ್ತಕದಲ್ಲಿ ಓದಿದ್ದೀರಿ. ಮೈಸೂರು ಸಂಸ್ಥಾನದ ದಿವಾನರು, ಬೃಂದಾವನ ಉದ್ಯಾನವನ್ನು ಮಾಡಿಸಿದವರು, ಬೆಂಗಳೂರನ್ನು ಚೆಂದಗೊಳಿಸಿದವರು ಎಂದು ಎರಡು ಸಾಲು ಬರೆದು ಪರೀಕ್ಷೆಯಲ್ಲಿ ಅಂಕ ಪಡೆಯುತ್ತೇವೆ. ಅದೇ ರೀತಿ ವಿಜ್ಞಾನದ ಪುಸ್ತಕದಲ್ಲಿ ಪರಮಾಣು, ವಾಹಕ, ಅವಾಹಕ, ವಿದ್ಯುತ್ ಮಂಡಲ ಎಂಬ ಪಾಠಗಳನ್ನು ಓದುತ್ತೇವೆ. ಈ ಎರಡು ಪುಸ್ತಕಗಳನ್ನು ಒಟ್ಟಿಗೆ ತೆರೆದು ನೋಡುವವರು ಕಡಿಮೆ. ಆದರೆ ಮಿರ್ಜಾ ಅವರ ಜೀವನವನ್ನು ಸರಿಯಾಗಿ ತಿಳಿಯಬೇಕಾದರೆ ಎರಡನ್ನೂ ತೆರೆಯಬೇಕು. ಏಕೆಂದರೆ ಒಂದು ವಿದ್ಯುತ್ ಮಂಡಲಕ್ಕೆ ಬೇಕಾದ ಮುಖ್ಯ ವಸ್ತುಗಳೆಲ್ಲ, ಅಂದರೆ ವಿದ್ಯುತ್ತನ್ನು ಹುಟ್ಟಿಸುವ ಕೇಂದ್ರ, ಅದನ್ನು ಏರಿಳಿಸುವ ಟ್ರಾನ್ಸ್‌ಫಾರ್ಮರ್, ತಂತಿಯನ್ನು ಹಿಡಿದು ನಿಲ್ಲುವ ಪಿಂಗಾಣಿ, ಕೊನೆಗೆ ಬೆಳಗುವ ಬಲ್ಬು, ಇವೆಲ್ಲ ನಮ್ಮ ನಾಡಿನಲ್ಲಿಯೇ ತಯಾರಾಗಬೇಕು ಎಂಬ ಕೆಲಸ ಅವರ ಆಡಳಿತದ ಕಾಲದಲ್ಲಿ ಬಹುಮಟ್ಟಿಗೆ ನಡೆಯಿತು.

ಈ ಲೇಖನದಲ್ಲಿ ಅವರ ಜೀವನವನ್ನೂ, ಆ ಜೀವನದ ದಾರಿಯಲ್ಲಿ ಸಿಗುವ ವಿದ್ಯುತ್ತಿನ ಮೊದಲ ಪಾಠಗಳನ್ನೂ ಜೊತೆಯಾಗಿ ಹೇಳಲು ಪ್ರಯತ್ನಿಸಲಾಗಿದೆ.

ಬಾಲ್ಯ ಮತ್ತು ಶಿಕ್ಷಣ

ಮಿರ್ಜಾ ಇಸ್ಮಾಯಿಲ್ ಅವರು 1883ರ ಅಕ್ಟೋಬರ್ 24ರಂದು ಬೆಂಗಳೂರಿನಲ್ಲಿ ಜನಿಸಿದರು. ಅವರ ಪೂರ್ವಜರು ಇರಾನಿನ ಶಿರಾಜ್ ನಗರದವರು. ಅಜ್ಜ ಅಲಿ ಅಸ್ಕರ್ ಅವರು ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಬೆಂಗಳೂರಿಗೆ ಬಂದು ಕುದುರೆ ವ್ಯಾಪಾರದಲ್ಲಿ ಹೆಸರು ಮಾಡಿದರು. ಬೆಂಗಳೂರಿನಲ್ಲಿ ಇಂದಿಗೂ ಅಲಿ ಅಸ್ಕರ್ ರಸ್ತೆ ಇದೆ. ಹೊರಗಿನಿಂದ ಬಂದ ಈ ಮನೆತನ ಎರಡು ತಲೆಮಾರಿನೊಳಗೆ ಮೈಸೂರು ನಾಡಿನದೇ ಆಗಿಹೋಯಿತು.

ಬಾಲಕ ಮಿರ್ಜಾಗೆ ಒಂದು ಅಪರೂಪದ ಅವಕಾಶ ದೊರೆಯಿತು. ಆಗ ಇನ್ನೂ ಹುಡುಗರಾಗಿದ್ದ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರಿಗಾಗಿ ಒಂದು ಚಿಕ್ಕ ಶಾಲೆ ನಡೆಯುತ್ತಿತ್ತು. ಫ್ರೇಸರ್ ಎಂಬ ಇಂಗ್ಲಿಷ್ ಅಧಿಕಾರಿ ಅಲ್ಲಿಯ ಶಿಕ್ಷಕರು. ಮಹಾರಾಜರ ಜೊತೆ ಕುಳಿತು ಓದುವ ಕೆಲವೇ ಹುಡುಗರಲ್ಲಿ ಮಿರ್ಜಾ ಒಬ್ಬರಾದರು. ಒಂದೇ ತರಗತಿಯಲ್ಲಿ ಬೆಳೆದ ಆ ಸ್ನೇಹ ಮಹಾರಾಜರು ತೀರಿಕೊಳ್ಳುವವರೆಗೂ ಉಳಿಯಿತು. ಮುಂದೆ ಮಿರ್ಜಾ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1905ರಲ್ಲಿ ಪದವಿ ಪಡೆದರು.

ಮಿರ್ಜಾ ಹುಟ್ಟಿದಾಗ ಎಲೆಕ್ಟ್ರಾನ್ ಎಂಬ ಕಣವೊಂದು ಇದೆ ಎಂದು ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಅವರಿಗೆ 13 ವರ್ಷ ತುಂಬಿದ್ದಾಗ, 1897ರಲ್ಲಿ, ಇಂಗ್ಲೆಂಡಿನ ಜೆ.ಜೆ. ಥಾಮ್ಸನ್ ಅದನ್ನು ಕಂಡುಹಿಡಿದರು. 1911ರಲ್ಲಿ ರುದರ್‌ಫೋರ್ಡ್ ಪರಮಾಣುವಿನ ನಡುವೆ ಬೀಜಕೇಂದ್ರವಿದೆ ಎಂದು ತೋರಿಸಿದರು. 1913ರಲ್ಲಿ ನೀಲ್ಸ್ ಬೋರ್ ಎಲೆಕ್ಟ್ರಾನ್‌ಗಳು ನಿರ್ದಿಷ್ಟ ಕಕ್ಷೆಗಳಲ್ಲಿರುತ್ತವೆ ಎಂದರು. 1932ರಲ್ಲಿ ಚಾಡ್‌ವಿಕ್ ನ್ಯೂಟ್ರಾನನ್ನು ಕಂಡುಹಿಡಿದಾಗ ಮಿರ್ಜಾ ಮೈಸೂರಿನ ದಿವಾನರಾಗಿದ್ದರು. ಅಂದರೆ ನಮ್ಮ ಪಠ್ಯದಲ್ಲಿ ಅರ್ಧ ಪುಟದಲ್ಲಿ ಮುಗಿದುಹೋಗುವ ಪರಮಾಣುವಿನ ಚಿತ್ರ ಒಬ್ಬ ಮನುಷ್ಯನ ಅರ್ಧ ಆಯುಷ್ಯದಷ್ಟು ಕಾಲ ತೆಗೆದುಕೊಂಡು ಪೂರ್ಣವಾಯಿತು.

ಪರಮಾಣು ಎಂದರೇನು?

ಉರ್ದುವಿನಲ್ಲಿ ಪರಮಾಣುವನ್ನು ಜೌಹರ್ ಎನ್ನುತ್ತೇವೆ. ಪ್ರತಿಯೊಂದು ವಸ್ತುವೂ ಇಂಥ ಅತಿ ಸಣ್ಣ ಕಣಗಳಿಂದ ಆಗಿದೆ. ಪರಮಾಣುವಿನ ನಡುವೆ ಬೀಜಕೇಂದ್ರ. ಅದರಲ್ಲಿ ಧನ ಆವೇಶದ ಪ್ರೋಟಾನ್‌ಗಳು ಮತ್ತು ಆವೇಶವಿಲ್ಲದ ನ್ಯೂಟ್ರಾನ್‌ಗಳು. ಸುತ್ತಲಿನ ಕವಚಗಳಲ್ಲಿ ಋಣ ಆವೇಶದ ಎಲೆಕ್ಟ್ರಾನ್‌ಗಳು. ಪ್ರೋಟಾನ್‌ಗಳು ಎಷ್ಟೋ ಎಲೆಕ್ಟ್ರಾನ್‌ಗಳೂ ಅಷ್ಟೇ ಇರುವುದರಿಂದ ಪರಮಾಣು ಒಟ್ಟಾರೆ ತಟಸ್ಥವಾಗಿರುತ್ತದೆ. ಬೀಜಕೇಂದ್ರ ಎಷ್ಟು ಚಿಕ್ಕದೆಂದರೆ, ಅದನ್ನು ಒಂದು ಕಡಲೆ ಕಾಳು ಎಂದುಕೊಂಡರೆ ಇಡೀ ಪರಮಾಣು ನಮ್ಮ ಎರೆಹೊಲದಷ್ಟು ಅಗಲವಾಗಿರುತ್ತದೆ. ಉಳಿದದ್ದೆಲ್ಲ ಬಹುತೇಕ ಖಾಲಿ ಜಾಗ.

ಈಗ ತಾಮ್ರವನ್ನು ನೋಡೋಣ. ತಾಮ್ರದ ಪರಮಾಣುವಿನಲ್ಲಿ 29 ಎಲೆಕ್ಟ್ರಾನ್‌ಗಳಿವೆ. ಅವು ಒಳಗಿನಿಂದ ಹೊರಕ್ಕೆ 2, 8, 18, 1 ಎಂದು ಕವಚಗಳಲ್ಲಿ ಹಂಚಿಕೊಂಡಿವೆ. ಕೊನೆಯ ಕವಚದಲ್ಲಿ ಒಂದೇ ಒಂದು. ಮದುವೆಯ ಪೆಂಡಾಲಿನಲ್ಲಿ ನಡುವೆ ಕುಳಿತವರು ಸುಲಭವಾಗಿ ಏಳಲಾರರು, ಬಾಗಿಲ ಬಳಿ ಒಬ್ಬರೇ ಕುಳಿತವರು ಮಾತ್ರ ಸ್ವಲ್ಪ ಕರೆದರೂ ಎದ್ದು ಹೊರಡುತ್ತಾರೆ. ತಾಮ್ರದ ಆ ಒಂಟಿ ಎಲೆಕ್ಟ್ರಾನ್ ಕೂಡ ಹಾಗೆಯೇ. ಅದು ಯಾವ ಒಂದು ಪರಮಾಣುವಿಗೂ ಕಟ್ಟುಬೀಳದೆ ಲೋಹದ ತುಂಬ ಓಡಾಡುತ್ತಿರುತ್ತದೆ. ಇಂಥ ಮುಕ್ತ ಎಲೆಕ್ಟ್ರಾನ್‌ಗಳು ಹೇರಳವಾಗಿರುವ ವಸ್ತುವನ್ನು ವಾಹಕ ಎನ್ನುತ್ತೇವೆ. ಎಲೆಕ್ಟ್ರಾನ್‌ಗಳು ತಮ್ಮ ತಮ್ಮ ಜಾಗದಲ್ಲಿಯೇ ಬಿಗಿಯಾಗಿ ಬಂಧಿತವಾಗಿರುವ ಪಿಂಗಾಣಿ, ಗಾಜು, ರಬ್ಬರ್, ಒಣ ಕಟ್ಟಿಗೆ ಇವು ಅವಾಹಕಗಳು.

ವಿದ್ಯುತ್ ಎಂದರೆ ಹೊರಗಿನಿಂದ ತಂತಿಯೊಳಗೆ ಸುರಿಯುವ ಯಾವುದೋ ದ್ರವವಲ್ಲ. ತಂತಿಯಲ್ಲಿ ಮೊದಲೇ ಇರುವ ಎಲೆಕ್ಟ್ರಾನ್‌ಗಳ ಚಲನೆಯೇ ವಿದ್ಯುತ್ ಪ್ರವಾಹ. ಇದನ್ನು ಉರ್ದುವಿನಲ್ಲಿ ಬರ್ಕಿ ರೌ ಎನ್ನುತ್ತಾರೆ. ಹಾಗಾದರೆ ಸ್ವಿಚ್ ಒತ್ತಿದ ತಕ್ಷಣ ಬಲ್ಬು ಹೇಗೆ ಹೊತ್ತಿಕೊಳ್ಳುತ್ತದೆ? ನೀರು ತುಂಬಿದ ಪೈಪಿನ ಈ ತುದಿಯಲ್ಲಿ ಒತ್ತಿದರೆ ಆ ತುದಿಯಲ್ಲಿ ಕೂಡಲೇ ನೀರು ಬರುವ ಹಾಗೆ. ಒಂದೊಂದು ಎಲೆಕ್ಟ್ರಾನ್ ತಾನು ಬಹಳ ನಿಧಾನವಾಗಿ ಸರಿಯುತ್ತದೆ. ಆದರೆ ತಂತಿಯ ಉದ್ದಕ್ಕೂ ಇರುವ ಎಲೆಕ್ಟ್ರಾನ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಕ್ಷಣದಲ್ಲಿ ಅಲುಗಾಡತೊಡಗುತ್ತವೆ.

ದಿವಾನರಾಗುವ ಮೊದಲಿನ ಮೈಸೂರು

ಮಿರ್ಜಾ ಅವರು ಕಾಲೇಜಿನಲ್ಲಿ ಓದುತ್ತಿದ್ದಾಗಲೇ ಮೈಸೂರು ಸಂಸ್ಥಾನ ವಿದ್ಯುತ್ತಿನ ವಿಷಯದಲ್ಲಿ ದೇಶಕ್ಕೆ ಮುಂದಾಗಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಯೋಜನೆ ಸಿದ್ಧವಾಗಿ, ಅವರು 1901ರಲ್ಲಿ ತೀರಿಕೊಂಡ ಮರುವರ್ಷ, 1902ರ ಜೂನ್ 30ರಂದು ಶಿವನಸಮುದ್ರದ ಕಾವೇರಿ ಜಲಪಾತದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ನಡುವಿನ ದೂರ ಸುಮಾರು 147 ಕಿಲೋಮೀಟರ್. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪಗಳು ಹೊತ್ತಿದವು. ಮಿರ್ಜಾ ಪದವೀಧರರಾದದ್ದೂ ಅದೇ ವರ್ಷ.

ಅಷ್ಟು ದೂರಕ್ಕೆ ವಿದ್ಯುತ್ ಕಳುಹಿಸಿದ್ದು ಹೇಗೆ ಎಂಬುದರಲ್ಲಿ ಒಂದು ಒಳ್ಳೆಯ ಪಾಠವಿದೆ. ತಂತಿಯಲ್ಲಿ ಓಡುವ ಎಲೆಕ್ಟ್ರಾನ್‌ಗಳು ಲೋಹದ ಪರಮಾಣುಗಳಿಗೆ ಢಿಕ್ಕಿ ಹೊಡೆಯುತ್ತ ಹೋಗುತ್ತವೆ. ಈ ಅಡ್ಡಿಗೆ ರೋಧ ಎಂದು ಹೆಸರು, ಅದರ ಅಳತೆ ಓಮ್. ಎಲೆಕ್ಟ್ರಾನ್‌ಗಳನ್ನು ತಳ್ಳುವ ಒತ್ತಡ ವಿಭವಾಂತರ, ಅದರ ಅಳತೆ ವೋಲ್ಟ್. ಹರಿಯುವ ಪ್ರವಾಹದ ಅಳತೆ ಆಂಪಿಯರ್. ಜರ್ಮನಿಯ ಜಾರ್ಜ್ ಓಮ್ ಎಂಬ ಶಾಲಾ ಶಿಕ್ಷಕರು 1827ರಲ್ಲಿ ಈ ಮೂರರ ಸಂಬಂಧವನ್ನು ಪ್ರಕಟಿಸಿದರು. ವೋಲ್ಟನ್ನು ಓಮ್‌ನಿಂದ ಭಾಗಿಸಿದರೆ ಆಂಪಿಯರ್ ಬರುತ್ತದೆ. ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿದರೆ ಶಕ್ತಿ ಸಾಗುವ ದರ, ಅಂದರೆ ವ್ಯಾಟ್ ಸಿಗುತ್ತದೆ.

ತಂತಿ ಬಿಸಿಯಾಗಿ ವ್ಯರ್ಥವಾಗುವ ಶಕ್ತಿ ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆ. ಪ್ರವಾಹ ಎರಡು ಪಟ್ಟಾದರೆ ನಷ್ಟ ನಾಲ್ಕು ಪಟ್ಟು. 10 ಲಕ್ಷ ವ್ಯಾಟನ್ನು 1,000 ವೋಲ್ಟ್‌ನಲ್ಲಿ ಕಳುಹಿಸಬೇಕಾದರೆ 1,000 ಆಂಪಿಯರ್ ಬೇಕು. ಅದನ್ನೇ 35,000 ವೋಲ್ಟ್‌ನಲ್ಲಿ ಕಳುಹಿಸಿದರೆ 29 ಆಂಪಿಯರ್‌ಗಿಂತ ಕಡಿಮೆ ಸಾಕು. ಅದೇ ತಂತಿಯಲ್ಲಿ ನಷ್ಟ 1,225 ಪಟ್ಟು ಇಳಿಯುತ್ತದೆ. ಶಿವನಸಮುದ್ರದಿಂದ ಕೋಲಾರಕ್ಕೆ ಹೋದದ್ದು 35,000 ವೋಲ್ಟ್‌ನ ಮಾರ್ಗ. ನಮ್ಮ ಊರಿನ ಹೊರಗೆ ಎತ್ತರದ ಕಂಬಗಳ ಮೇಲೆ ಹೋಗುವ ಲೈನಿನ ಗುಟ್ಟೂ ಇದೇ.

ಕಾವೇರಿಯಲ್ಲಿ ಬೇಸಿಗೆಯಲ್ಲಿ ನೀರು ಕಡಿಮೆಯಾದಾಗ ಗಣಿಗೆ ವಿದ್ಯುತ್ ಸಾಲದು. ನೀರನ್ನು ಹಿಡಿದಿಡಲು ಕನ್ನಂಬಾಡಿಯಲ್ಲಿ ಅಣೆಕಟ್ಟು ಕಟ್ಟಲು ಆರಂಭಿಸಿದ್ದಕ್ಕೆ ಇದೂ ಒಂದು ದೊಡ್ಡ ಕಾರಣ. 1911ರಲ್ಲಿ ಆರಂಭವಾಗಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನೊಂದಿಗೆ ಸೇರಿಹೋದ ಆ ಕೃಷ್ಣರಾಜಸಾಗರ ಪೂರ್ಣಗೊಂಡದ್ದು ಮಿರ್ಜಾ ಅವರ ಅಧಿಕಾರಾವಧಿಯಲ್ಲಿ.

ದಿವಾನ್ ಮಿರ್ಜಾ

ಪದವಿಯ ನಂತರ ಸಂಸ್ಥಾನದ ಸೇವೆಗೆ ಸೇರಿದ ಮಿರ್ಜಾ ಅವರು ಮಹಾರಾಜರ ಹುಜೂರ್ ಕಾರ್ಯದರ್ಶಿಯಾಗಿ, 1922ರಲ್ಲಿ ಖಾಸಗಿ ಕಾರ್ಯದರ್ಶಿಯಾಗಿ ದುಡಿದರು. 1926ರಲ್ಲಿ ದಿವಾನರಾದರು. ಆಗ ಅವರಿಗೆ 42 ವರ್ಷ. 1941ರವರೆಗೆ ಸುಮಾರು 15 ವರ್ಷ ಆ ಹುದ್ದೆಯಲ್ಲಿದ್ದರು.

ಅವರು ಎಂಜಿನಿಯರ್ ಆಗಿರಲಿಲ್ಲ, ವಿಜ್ಞಾನಿಯೂ ಆಗಿರಲಿಲ್ಲ. ಆದರೆ ಕಣ್ಣಿಟ್ಟು ನೋಡುವ ಗುಣ ಅವರಲ್ಲಿತ್ತು. ಊರು ಸುತ್ತಿ ರಸ್ತೆ, ಚರಂಡಿ, ಉದ್ಯಾನ, ಬೀದಿ ದೀಪಗಳನ್ನು ತಾವೇ ಪರೀಕ್ಷಿಸುವ ದಿವಾನರೆಂದು ಅವರು ಹೆಸರಾಗಿದ್ದರು. ವಿದ್ಯುತ್ ಎಂದರೆ ಅರಮನೆ ಮತ್ತು ಗಣಿಗೆ ಸೇರಿದ್ದು ಎಂಬ ಸ್ಥಿತಿ ಬದಲಾಗಿ ಸಣ್ಣ ಪಟ್ಟಣಗಳಿಗೂ ಹಳ್ಳಿಗಳಿಗೂ ದೀಪ ಹೋಗಬೇಕು ಎಂಬುದು ಅವರ ಆಡಳಿತದ ಒಂದು ಮುಖ್ಯ ಗುರಿಯಾಯಿತು. ಮಂಡ್ಯದಲ್ಲಿ ಸಕ್ಕರೆ, ಭದ್ರಾವತಿಯಲ್ಲಿ ಕಾಗದ ಮತ್ತು ಸಿಮೆಂಟ್, ಬೆಳಗೊಳದಲ್ಲಿ ಗೊಬ್ಬರ, ಹೀಗೆ ಕಾರ್ಖಾನೆಗಳು ಬಂದವು. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರ ಹಿಂದೂಸ್ತಾನ್ ವಿಮಾನ ಕಾರ್ಖಾನೆ ಬೆಂಗಳೂರಿನಲ್ಲಿ ಆರಂಭವಾದಾಗ ಮೈಸೂರು ಸರ್ಕಾರ ಅದರಲ್ಲಿ ಪಾಲುದಾರನಾಗಿತ್ತು.

ಇವುಗಳಲ್ಲಿ ವಿದ್ಯುತ್ತಿಗೆ ಸಂಬಂಧಿಸಿದ ಮೂರು ಕಾರ್ಖಾನೆಗಳನ್ನು ಮಾತ್ರ ನಾವು ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ. ಮೂರೂ 1930ರ ದಶಕದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವು.

ಪಿಂಗಾಣಿ ಕಾರ್ಖಾನೆ

ಮೊದಲನೆಯದು ಸರ್ಕಾರಿ ಪಿಂಗಾಣಿ ಕಾರ್ಖಾನೆ. ಪಿಂಗಾಣಿ ಎಂದರೆ ನಮಗೆ ಚಹಾದ ಕಪ್ಪು, ಬಶಿ ನೆನಪಾಗುತ್ತವೆ. ಆದರೆ ವಿದ್ಯುತ್ ಕಂಬದ ಮೇಲೆ ತಂತಿಯ ಬುಡದಲ್ಲಿ ಕಂದು ಅಥವಾ ಬಿಳಿ ಬಣ್ಣದ, ಒಂದರ ಮೇಲೊಂದು ಛತ್ರಿ ಕವುಚಿದಂತಿರುವ ವಸ್ತುವನ್ನು ನೀವು ನೋಡಿದ್ದೀರಿ. ಅದು ಪಿಂಗಾಣಿಯ ಇನ್ಸುಲೇಟರ್. ಬಿಳಿ ಜೇಡಿಮಣ್ಣು, ಫೆಲ್ಡ್‌ಸ್ಪಾರ್ ಮತ್ತು ಬೆಣಚುಕಲ್ಲಿನ ಪುಡಿಯನ್ನು ಕಲಸಿ, ಅಚ್ಚು ಮಾಡಿ, ಮೆರುಗು ಹಚ್ಚಿ, ಭಾರಿ ಉಷ್ಣತೆಯ ಭಟ್ಟಿಯಲ್ಲಿ ಸುಟ್ಟು ಅದನ್ನು ಮಾಡುತ್ತಾರೆ. ಚೆನ್ನಾಗಿ ಸುಟ್ಟ ಪಿಂಗಾಣಿ ನೀರು ಹೀರುವುದಿಲ್ಲ. ಅದರ ಎಲೆಕ್ಟ್ರಾನ್‌ಗಳು ಬಂಧನ ಬಿಟ್ಟು ಕದಲುವುದಿಲ್ಲ. ಆದ್ದರಿಂದ ತಂತಿಯ ವಿದ್ಯುತ್ ಕಂಬಕ್ಕೆ ಇಳಿಯಲಾರದು.

ಛತ್ರಿಯ ಆಕಾರ ಅಂದಕ್ಕಾಗಿ ಮಾಡಿದ್ದಲ್ಲ. ಮಳೆ ಬಂದಾಗ ಮೇಲ್ಭಾಗ ನೆನೆದರೂ ಪ್ರತಿ ಅಂಚಿನ ಅಡಿಭಾಗ ಒಣಗಿಯೇ ಉಳಿಯುತ್ತದೆ. ನೀರಿನ ಪದರದ ಮೂಲಕ ವಿದ್ಯುತ್ತಿಗೆ ದಾರಿ ಸಿಗುವುದಿಲ್ಲ. ಹೊರದೇಶದಿಂದ ಹಡಗಿನಲ್ಲಿ ತರಿಸುತ್ತಿದ್ದ ಇಂಥ ವಸ್ತುವನ್ನು ಇಲ್ಲಿಯ ಮಣ್ಣಿನಿಂದಲೇ ಮಾಡತೊಡಗಿದ್ದು ಸಣ್ಣ ಮಾತಲ್ಲ. ಸಾವಿರ ಕಂಬ ನೆಡಬೇಕಾದರೆ ಸಾವಿರಾರು ಪಿಂಗಾಣಿಗಳು ಬೇಕು. ಹಳ್ಳಿಗೆ ದೀಪ ಹೋಗುವ ಖರ್ಚು ಇಂಥವುಗಳ ಬೆಲೆಯ ಮೇಲೆಯೇ ನಿಂತಿರುತ್ತದೆ. ಈ ಕಾರ್ಖಾನೆ ಮುಂದೆ 1976ರಲ್ಲಿ ಬಿ.ಎಚ್.ಇ.ಎಲ್. ಸಂಸ್ಥೆಯೊಳಗೆ ಸೇರಿತು.

ವಿದ್ಯುತ್ ಕಾರ್ಖಾನೆ

ಎರಡನೆಯದು ಸರ್ಕಾರಿ ವಿದ್ಯುತ್ ಕಾರ್ಖಾನೆ. ಇಂದು ಕವಿಕಾ, ಅಂದರೆ ಕರ್ನಾಟಕ ವಿದ್ಯುತ್ ಕಾರ್ಖಾನೆ ಎಂದು ಕರೆಯುವ ಸಂಸ್ಥೆಯ ಮೂಲ ಇದೇ. ಇದರ ಮುಖ್ಯ ಉತ್ಪನ್ನ ಟ್ರಾನ್ಸ್‌ಫಾರ್ಮರ್. ನಮ್ಮ ರೈತರು ಟಿ.ಸಿ. ಸುಟ್ಟುಹೋಯಿತು ಎನ್ನುತ್ತಾರಲ್ಲ, ಆ ಟಿ.ಸಿ.ಯಲ್ಲಿರುವ ಪೆಟ್ಟಿಗೆಯೇ ಇದು.

ಟ್ರಾನ್ಸ್‌ಫಾರ್ಮರಿನೊಳಗೆ ಓಡುವ ಯಂತ್ರ ಯಾವುದೂ ಇಲ್ಲ. ಕಬ್ಬಿಣದ ತೆಳು ಹಾಳೆಗಳ ಒಂದು ಚೌಕಟ್ಟು, ಅದಕ್ಕೆ ಸುತ್ತಿದ ಎರಡು ತಂತಿಯ ಸುರುಳಿಗಳು, ಸುತ್ತ ತಂಪಿಗಾಗಿ ಎಣ್ಣೆ. ಒಂದು ಸುರುಳಿಯಲ್ಲಿ ಪ್ರವಾಹ ಹಿಂದಕ್ಕೂ ಮುಂದಕ್ಕೂ ಬದಲಾಗುತ್ತಿದ್ದರೆ ಕಬ್ಬಿಣದಲ್ಲಿ ಕಾಂತಶಕ್ತಿ ಏರಿಳಿಯುತ್ತದೆ. ಆ ಏರಿಳಿತ ಎರಡನೆಯ ಸುರುಳಿಯ ಎಲೆಕ್ಟ್ರಾನ್‌ಗಳನ್ನು ತಳ್ಳುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡ ಸತ್ಯ ಇದು. ಸುರುಳಿಗಳಲ್ಲಿ ಎಷ್ಟು ಸುತ್ತುಗಳಿವೆ ಎಂಬ ಲೆಕ್ಕದ ಮೇಲೆ ವೋಲ್ಟ್ ಏರುತ್ತದೆ ಅಥವಾ ಇಳಿಯುತ್ತದೆ. 11,000 ವೋಲ್ಟ್ ಬಂದು ಮನೆಗೆ 230 ವೋಲ್ಟ್ ಆಗಿ ಹೋಗುವುದು ಹೀಗೆ. ಬ್ಯಾಟರಿಯ ಪ್ರವಾಹ ಒಂದೇ ದಿಕ್ಕಿನಲ್ಲಿ ಸ್ಥಿರವಾಗಿ ಹರಿಯುವುದರಿಂದ ಕಾಂತಶಕ್ತಿಯಲ್ಲಿ ಏರಿಳಿತವಿಲ್ಲ, ಆದ್ದರಿಂದ ಅದನ್ನು ನೇರವಾಗಿ ಟ್ರಾನ್ಸ್‌ಫಾರ್ಮರಿಗೆ ಕೊಟ್ಟರೆ ಪ್ರಯೋಜನವಿಲ್ಲ. ನಮ್ಮ ಮನೆಯ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಹೋಗಿಬರುತ್ತದೆ.

ಮೈಸೂರು ಲ್ಯಾಂಪ್

ಮೂರನೆಯದು 1936ರಲ್ಲಿ ಸ್ಥಾಪನೆಯಾದ ಮೈಸೂರು ಲ್ಯಾಂಪ್ ವರ್ಕ್ಸ್. ಬಲ್ಬಿನೊಳಗಿನ ಸಣ್ಣ ತಂತಿ ಟಂಗ್‌ಸ್ಟನ್ ಲೋಹದ್ದು. ಅದು ಕರಗಬೇಕಾದರೆ 3,400 ಡಿಗ್ರಿ ಸೆಲ್ಸಿಯಸ್‌ಗಿಂತಲೂ ಹೆಚ್ಚು ಬಿಸಿ ಬೇಕು. ತಂತಿ ಬಹಳ ತೆಳುವಾಗಿರುವುದರಿಂದ ರೋಧ ಹೆಚ್ಚು, ಎಲೆಕ್ಟ್ರಾನ್‌ಗಳ ಢಿಕ್ಕಿ ಹೆಚ್ಚು, ಆದ್ದರಿಂದ ಅದು ಬಿಳಿಗಾವಿನಲ್ಲಿ ಹೊಳೆಯುತ್ತದೆ. ಗಾಳಿಯಲ್ಲಿದ್ದರೆ ಕೂಡಲೇ ಸುಟ್ಟುಹೋಗುತ್ತಿತ್ತು. ಅದಕ್ಕಾಗಿ ಗಾಜಿನ ಬುರುಡೆಯಿಂದ ಗಾಳಿ ತೆಗೆದು ಆರ್ಗಾನ್‌ನಂಥ ಜಡ ಅನಿಲ ತುಂಬುತ್ತಾರೆ.

230 ವೋಲ್ಟ್‌ನಲ್ಲಿ 60 ವ್ಯಾಟ್‌ನ ಬಲ್ಬಿಗೆ ಎಷ್ಟು ಪ್ರವಾಹ? 60ನ್ನು 230ರಿಂದ ಭಾಗಿಸಿರಿ, ಸುಮಾರು 0.26 ಆಂಪಿಯರ್. ರೋಧ? 230ನ್ನು 0.26ರಿಂದ ಭಾಗಿಸಿರಿ, ಸುಮಾರು 880 ಓಮ್. ಹತ್ತನೆಯ ತರಗತಿಯ ಲೆಕ್ಕ ಇಷ್ಟೇ. ಈ ಬಲ್ಬುಗಳಲ್ಲಿ ಹೆಚ್ಚಿನ ಶಕ್ತಿ ಬೆಳಕಾಗದೆ ಬಿಸಿಯಾಗಿ ಹೋಗುತ್ತಿತ್ತು. ಅಷ್ಟೇ ಬೆಳಕನ್ನು ಇಂದಿನ ಎಲ್.ಇ.ಡಿ. ಬಲ್ಬು 9 ವ್ಯಾಟ್‌ನ ಆಸುಪಾಸಿನಲ್ಲಿ ಕೊಡುತ್ತದೆ. ಚಿಮಣಿ ಬುಡ್ಡಿ, ಕಂದೀಲುಗಳ ಕಾಲದಿಂದ ಕನ್ನಡಿಗರನ್ನು ಈಚೆಗೆ ಕರೆತಂದ ಮೈಸೂರು ಲ್ಯಾಂಪ್ ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ಕೆಲಸ ನಿಲ್ಲಿಸಿತು.

ಬೃಂದಾವನದ ದೀಪಗಳು

ಕೃಷ್ಣರಾಜಸಾಗರದ ಕೆಳಗೆ ಬೃಂದಾವನ ಉದ್ಯಾನವನ್ನು ಮಾಡಿಸಿದ್ದು ಮಿರ್ಜಾ ಅವರ ಕಲ್ಪನೆ. ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗಲ್ ಅವರ ನೆರವು ಅದಕ್ಕೆ ಇತ್ತು. ಇರಾನಿನ ಮತ್ತು ಮೊಗಲರ ತೋಟಗಳ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕಾಲುವೆಗಳು, ಕಾರಂಜಿಗಳು, ಅವುಗಳಿಗೆ ಬಣ್ಣದ ವಿದ್ಯುತ್ ದೀಪಗಳು. ನೀರು ಮತ್ತು ವಿದ್ಯುತ್ ಎರಡನ್ನೂ ಒಂದೇ ಕಡೆ ಜನರಿಗೆ ಕಣ್ಣಾರೆ ತೋರಿಸಿದ ಜಾಗ ಅದು.

ಅಷ್ಟು ದೀಪಗಳಲ್ಲಿ ಒಂದು ಕೆಟ್ಟರೆ ಉಳಿದವು ಏಕೆ ಆರುವುದಿಲ್ಲ? ಇಲ್ಲಿ ಮಂಡಲದ ಪಾಠ ಬರುತ್ತದೆ. ವಿದ್ಯುತ್ ಮಂಡಲ ಎಂದರೆ ಹೊರಟ ಜಾಗಕ್ಕೇ ಮರಳಿ ಬರುವ ಪೂರ್ಣ ದಾರಿ. ಎಲ್ಲಿಯಾದರೂ ಕಡಿದರೆ ಪ್ರವಾಹ ನಿಲ್ಲುತ್ತದೆ. ಸ್ವಿಚ್ ಮಾಡುವುದು ಈ ಕಡಿಯುವ, ಕೂಡಿಸುವ ಕೆಲಸವನ್ನೇ. ಲಕ್ಷ್ಮೇಶ್ವರದ ಉರುಸಿನಲ್ಲಿ, ಶಿರಹಟ್ಟಿಯ ಫಕೀರೇಶ್ವರ ಜಾತ್ರೆಯಲ್ಲಿ ಕಟ್ಟುವ ಹಳೆಯ ಸೀರಿಯಲ್ ಸೆಟ್ಟುಗಳನ್ನು ನೆನಪಿಸಿಕೊಳ್ಳಿರಿ. ಸಣ್ಣ ಬಲ್ಬುಗಳನ್ನು ಒಂದರ ಹಿಂದೆ ಒಂದು ಪೋಣಿಸಿರುತ್ತಾರೆ. ಇದು ಸರಣಿ ಜೋಡಣೆ. 230 ವೋಲ್ಟ್ ಎಲ್ಲ ಬಲ್ಬುಗಳ ನಡುವೆ ಹಂಚಿಹೋಗುತ್ತದೆ. ಒಂದು ಬಲ್ಬು ಹೋದರೆ ದಾರಿ ಕಡಿದು ಇಡೀ ಸಾಲು ಆರುತ್ತದೆ. ಮನೆಯಲ್ಲಿ, ಬೀದಿಯಲ್ಲಿ, ಉದ್ಯಾನದಲ್ಲಿ ಮಾಡುವುದು ಸಮಾಂತರ ಜೋಡಣೆ. ಪ್ರತಿ ದೀಪಕ್ಕೂ ತನ್ನದೇ ದಾರಿ, ಪ್ರತಿಯೊಂದಕ್ಕೂ ಪೂರ್ಣ 230 ವೋಲ್ಟ್. ಒಂದು ಕೆಟ್ಟರೂ ಉಳಿದವು ಬೆಳಗುತ್ತವೆ.

ಆದರೆ ಸಮಾಂತರದಲ್ಲಿ ಉಪಕರಣ ಹೆಚ್ಚಿದಷ್ಟೂ ಒಟ್ಟು ಪ್ರವಾಹ ಹೆಚ್ಚುತ್ತದೆ. ಒಂದೇ ಪ್ಲಗ್‌ಗೆ ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಹೀಟರ್ ಎಲ್ಲ ಸಿಕ್ಕಿಸಿದರೆ ತಂತಿ ಕಾಯ್ದು ಬೆಂಕಿಗೆ ಕಾರಣವಾಗುತ್ತದೆ. ಅದನ್ನು ತಡೆಯಲು ಫ್ಯೂಸ್ ಇದೆ. ಪ್ರವಾಹ ಮಿತಿ ಮೀರಿದರೆ ಅದರ ಸಣ್ಣ ತಂತಿ ತಾನು ಕರಗಿ ದಾರಿ ಕಡಿಯುತ್ತದೆ. ಫ್ಯೂಸ್ ಹೋಯಿತೆಂದು ದಪ್ಪ ತಂತಿ ಕಟ್ಟುವವರು ಮನೆಯ ಕಾವಲುಗಾರನನ್ನೇ ಮನೆಯಿಂದ ಹೊರಗೆ ಹಾಕಿದಂತೆ.

ಶಿಂಷಾ ಮತ್ತು ಜೋಗ

ದೀಪ ಹೆಚ್ಚಿದಂತೆ, ಕಾರ್ಖಾನೆ ಹೆಚ್ಚಿದಂತೆ ಶಿವನಸಮುದ್ರದ ವಿದ್ಯುತ್ ಸಾಲದಾಯಿತು. ಹೊಸ ಮೂಲಗಳು ಬೇಕಾದವು. 1940ರಲ್ಲಿ ಶಿಂಷಾ ಕೇಂದ್ರ ಕೆಲಸ ಆರಂಭಿಸಿತು. ಶರಾವತಿಯ ಜೋಗದಲ್ಲಿ 1939ರಲ್ಲಿ ಮಹಾರಾಜರಿಂದ ಶಂಕುಸ್ಥಾಪನೆಯಾಯಿತು. ಯುದ್ಧದ ಕಾಲದ ಅಡಚಣೆಗಳನ್ನು ದಾಟಿ ಅಲ್ಲಿ ವಿದ್ಯುತ್ ಹುಟ್ಟಿದ್ದು 1948ರಲ್ಲಿ. ಅಷ್ಟರಲ್ಲಿ ಮಹಾರಾಜರೂ ಇರಲಿಲ್ಲ, ಮಿರ್ಜಾ ದಿವಾನರೂ ಆಗಿರಲಿಲ್ಲ. ಆ ಕೇಂದ್ರಕ್ಕೆ ಮಹಾತ್ಮ ಗಾಂಧಿಯವರ ಹೆಸರು ಇಡಲಾಯಿತು. ಬೀಜ ಹಾಕಿದವರು ಹಣ್ಣು ತಿನ್ನಲಿಲ್ಲ ಎನ್ನುವ ಮಾತಿಗೆ ಜೋಗ ಒಳ್ಳೆಯ ಉದಾಹರಣೆ.

ಜಲವಿದ್ಯುತ್ ಕೇಂದ್ರದಲ್ಲಿ ನಡೆಯುವುದು ಇಷ್ಟೇ. ಎತ್ತರದಿಂದ ಬೀಳುವ ನೀರು ಚಕ್ರವನ್ನು ತಿರುಗಿಸುತ್ತದೆ. ಚಕ್ರದೊಂದಿಗೆ ಕಾಂತ ತಿರುಗುತ್ತದೆ. ಕಾಂತದ ಸುತ್ತಲಿನ ತಾಮ್ರದ ಸುರುಳಿಗಳಲ್ಲಿ ಎಲೆಕ್ಟ್ರಾನ್‌ಗಳು ಚಲಿಸತೊಡಗುತ್ತವೆ. ನೀರಿನ ಜಾಗದಲ್ಲಿ ಗಾಳಿ ಇದ್ದರೆ ಅದೇ ಗಾಳಿ ಯಂತ್ರ. ನಮ್ಮ ಗದಗ, ಮುಂಡರಗಿ, ಶಿರಹಟ್ಟಿಗಳ ನಡುವೆ ಕಪ್ಪತಗುಡ್ಡದ ಸುತ್ತಮುತ್ತ ಎತ್ತರದ ಕಂಬಗಳ ಮೇಲೆ ಮೂರು ರೆಕ್ಕೆಗಳ ಯಂತ್ರಗಳು ತಿರುಗುವುದನ್ನು ನೀವು ದಿನವೂ ನೋಡುತ್ತೀರಿ. ಫ್ಯಾರಡೆಯವರ ಪಾಠ ಅಲ್ಲಿ ಹಗಲು ರಾತ್ರಿ ನಡೆಯುತ್ತಿದೆ.

ಕಷ್ಟದ ದಿನಗಳು

ಮಿರ್ಜಾ ಅವರ ಆಡಳಿತವೆಲ್ಲ ಹೂವಿನ ಹಾದಿಯಾಗಿರಲಿಲ್ಲ. 1928ರಲ್ಲಿ ಬೆಂಗಳೂರಿನಲ್ಲಿ ಗಣಪತಿ ವಿಗ್ರಹದ ವಿಷಯವಾಗಿ ಗಲಭೆ ನಡೆದಾಗ ಅವರ ಮೇಲೆ ಟೀಕೆಗಳು ಬಂದವು. 1938ರ ಏಪ್ರಿಲ್‌ನಲ್ಲಿ ಶಿವಪುರದ ಧ್ವಜ ಸತ್ಯಾಗ್ರಹದ ನಂತರ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ ಹಲವರು ಸತ್ತರು. ಅದು ಅವರ ದಿವಾನಗಿರಿಯ ಕಾಲದ ಕಪ್ಪು ದಿನ. ಜವಾಬ್ದಾರಿ ಸರ್ಕಾರ ಬೇಕೆಂದು ಜನ ಕೇಳಿದಾಗ ಮೈಸೂರು ಆಡಳಿತ ನಡೆದ ವೇಗ ಸಾಲದು ಎಂಬ ಮಾತು ಆಗಲೂ ಇತ್ತು, ಈಗಲೂ ಇದೆ. ದೊಡ್ಡವರ ಜೀವನ ಓದುವಾಗ ಬೆಳಕನ್ನಷ್ಟೇ ನೋಡಿ ನೆರಳನ್ನು ಮರೆಯಬಾರದು.

1940ರ ಆಗಸ್ಟ್‌ನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ತೀರಿಕೊಂಡರು. ಬಾಲ್ಯದ ಗೆಳೆಯನನ್ನು ಕಳೆದುಕೊಂಡ ಮಿರ್ಜಾ 1941ರಲ್ಲಿ ದಿವಾನಗಿರಿಯನ್ನು ಬಿಟ್ಟರು. ಮರುವರ್ಷ ಜೈಪುರ ಸಂಸ್ಥಾನದ ಪ್ರಧಾನಮಂತ್ರಿಯಾದರು. ಅಲ್ಲಿಯೂ ರಸ್ತೆ, ಊರು, ಶಿಕ್ಷಣಗಳಿಗೆ ದುಡಿದರು. ಜೈಪುರದ ದೊಡ್ಡ ರಸ್ತೆಯೊಂದಕ್ಕೆ ಇಂದಿಗೂ ಮಿರ್ಜಾ ಇಸ್ಮಾಯಿಲ್ ರಸ್ತೆ ಎಂದೇ ಹೆಸರು. 1946ರಲ್ಲಿ ಹೈದರಾಬಾದ್ ನಿಜಾಮರ ಪ್ರಧಾನಮಂತ್ರಿಯಾದರು. ಭಾರತದೊಂದಿಗೆ ಹೊಂದಿಕೊಂಡು ಹೋಗುವುದೇ ಹೈದರಾಬಾದಿಗೆ ಒಳಿತು ಎಂಬುದು ಅವರ ನಿಲುವು. ಅಲ್ಲಿಯ ಉಗ್ರರಿಗೆ ಅದು ಹಿಡಿಸಲಿಲ್ಲ. 1947ರಲ್ಲಿ ಅವರು ಆ ಹುದ್ದೆಯನ್ನು ಬಿಟ್ಟು ಬಂದರು. ದೇಶ ಒಡೆಯುವ ಮಾತಿಗೆ ಅವರು ಎಂದೂ ಒಪ್ಪಲಿಲ್ಲ. 1954ರಲ್ಲಿ ತಮ್ಮ ಸಾರ್ವಜನಿಕ ಜೀವನದ ನೆನಪುಗಳನ್ನು ಇಂಗ್ಲಿಷಿನಲ್ಲಿ ಪುಸ್ತಕವಾಗಿ ಪ್ರಕಟಿಸಿದರು. 1959ರ ಜನವರಿ 5ರಂದು ಬೆಂಗಳೂರಿನಲ್ಲಿ ಅವರ ನಿಧನವಾಯಿತು.

ನಾವು ಕಲಿಯಬೇಕಾದದ್ದು

ಮಿರ್ಜಾ ಅವರು ದಿವಾನರಾಗಿದ್ದಾಗ ನಮ್ಮ ಗದಗ, ಬೆಟಗೇರಿ, ಮುಂಡರಗಿಗಳು ಮುಂಬಯಿ ಪ್ರಾಂತ್ಯದಲ್ಲಿದ್ದವು. ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ ಸೇರಿತ್ತು. ಅವರ ಆಡಳಿತ ಇತ್ತ ಕಡೆಗೆ ಇರಲಿಲ್ಲ. 1956ರ ಏಕೀಕರಣದ ನಂತರ ಕಾವೇರಿ, ಶರಾವತಿಗಳ ವಿದ್ಯುತ್ತು ಮತ್ತು ಆ ಅನುಭವ ಇಡೀ ಕನ್ನಡ ನಾಡಿನ ಆಸ್ತಿಯಾಯಿತು. ಆದ್ದರಿಂದ ಅವರ ಕೆಲಸದ ಫಲ ನಮಗೂ ಸೇರಿದೆ.

ಈಗ ನಮ್ಮ ಮುಂದಿರುವ ಪ್ರಶ್ನೆ ಬೇರೆ. ನಮ್ಮ ಊರುಗಳಲ್ಲಿ ವೈರಿಂಗ್, ಮೋಟಾರ್ ರಿವೈಂಡಿಂಗ್, ಪಂಪ್‌ಸೆಟ್ ರಿಪೇರಿ ಮಾಡುವ ನಮ್ಮ ಯುವಕರು ಅನೇಕರಿದ್ದಾರೆ. ಕೈಯಲ್ಲಿ ಒಳ್ಳೆಯ ಕಸುಬು ಇದೆ. ಆದರೆ ಓದನ್ನು ಎಂಟನೆಯದಕ್ಕೋ ಹತ್ತನೆಯದಕ್ಕೋ ಬಿಟ್ಟವರಿಗೆ ಯಾವ ತಂತಿ ಎಲ್ಲಿಗೆ ಎಂದು ಗೊತ್ತು, ಏಕೆ ಎಂದು ಗೊತ್ತಿಲ್ಲ. ಏಕೆ ಎಂದು ತಿಳಿಯದವನು ಒದ್ದೆ ಕೈಯಲ್ಲಿ ಕಂಬ ಹತ್ತುತ್ತಾನೆ, ಅರ್ತಿಂಗ್ ಇಲ್ಲದೆ ಮೋಟಾರ್ ಕೂಡಿಸುತ್ತಾನೆ. ಶುದ್ಧ ನೀರು ಹೆಚ್ಚು ವಿದ್ಯುತ್ ಹರಿಸದಿದ್ದರೂ ಬೆವರಿನಲ್ಲಿ, ಬಾವಿಯ ನೀರಿನಲ್ಲಿ ಲವಣಗಳಿವೆ. ಅವು ಪ್ರವಾಹಕ್ಕೆ ದಾರಿ ಮಾಡಿಕೊಡುತ್ತವೆ. ಒಣ ಚರ್ಮದ ರೋಧ ಹೆಚ್ಚು, ಒದ್ದೆ ಚರ್ಮದ ರೋಧ ಬಹಳ ಕಡಿಮೆ. ಅದೇ 230 ವೋಲ್ಟ್ ಒಮ್ಮೆ ಬರೀ ಜುಮ್ ಎನ್ನಿಸಬಹುದು, ಇನ್ನೊಮ್ಮೆ ಪ್ರಾಣವನ್ನೇ ತೆಗೆಯಬಹುದು. ಓಮ್ ನಿಯಮ ಗೊತ್ತಿದ್ದರೆ ಒಂದು ಮನೆಯ ದೀಪ ಉಳಿಯುತ್ತದೆ ಎಂಬುದು ಅತಿಶಯೋಕ್ತಿ ಅಲ್ಲ.

ಇನ್ನೊಂದು ಮಾತು. ಉರ್ದು ಮಾಧ್ಯಮದಲ್ಲಿ ಜೌಹರ್, ಮೂಸಿಲ್ ಎಂದು ಕಲಿತ ಮಗು ಕನ್ನಡದಲ್ಲಿ ಪರಮಾಣು, ವಾಹಕ ಎಂಬ ಪದ ಕೇಳಿ ಗಾಬರಿಯಾಗುತ್ತದೆ. ಕಾಲೇಜಿಗೆ ಹೋದರೆ ಅವೇ ವಸ್ತುಗಳಿಗೆ ಇಂಗ್ಲಿಷ್ ಹೆಸರು. ಮೂರು ಬಾರಿ ಹೆಸರು ಬದಲಾಗುವಷ್ಟರಲ್ಲಿ ಎಷ್ಟೋ ಮಕ್ಕಳು ವಿಜ್ಞಾನವೇ ಬೇಡವೆಂದು ಬಿಡುತ್ತಾರೆ. ಹೆಸರು ಮೂರಾದರೂ ವಸ್ತು ಒಂದೇ. ತಾಮ್ರದ ಕೊನೆಯ ಎಲೆಕ್ಟ್ರಾನ್ ಯಾವ ಭಾಷೆಯಲ್ಲಿ ಕರೆದರೂ ಹಾಗೆಯೇ ಓಡುತ್ತದೆ. ಒಂದು ನೋಟುಬುಕ್ಕಿನಲ್ಲಿ ಮೂರು ಭಾಷೆಯ ಪದಗಳನ್ನು ಎದುರುಬದುರು ಬರೆದಿಟ್ಟುಕೊಳ್ಳಿರಿ, ಹೆದರಿಕೆ ತಾನಾಗಿಯೇ ಹೋಗುತ್ತದೆ.

ರಜೆಯಲ್ಲಿ ಒಂದು ಸಣ್ಣ ಪ್ರಯೋಗ ಮಾಡಿರಿ. 1.5 ವೋಲ್ಟ್‌ನ ಎರಡು ಸೆಲ್ಲುಗಳು, ಒಂದು ಟಾರ್ಚ್ ಬಲ್ಬು, ಮೂರು ತುಂಡು ತಂತಿ ಸಾಕು. ಮಂಡಲ ಮಾಡಿ ನಡುವೆ ಒಂದು ಕಡೆ ಬಿಡಿಸಿ, ಆ ಜಾಗದಲ್ಲಿ ಚಮಚ, ನಾಣ್ಯ, ಗಾಜಿನ ಬಳೆ, ಚಹಾದ ಕಪ್ಪು, ಪೆನ್ಸಿಲ್ಲಿನ ಕಡ್ಡಿ, ಸೀಮೆಸುಣ್ಣ ಒಂದೊಂದಾಗಿ ಇಟ್ಟು ನೋಡಿರಿ. ಯಾವುದಕ್ಕೆ ಬಲ್ಬು ಹೊತ್ತಿತು, ಯಾವುದಕ್ಕೆ ಇಲ್ಲ ಎಂದು ಪಟ್ಟಿ ಮಾಡಿರಿ. ಪೆನ್ಸಿಲ್ಲಿನ ಕಡ್ಡಿ ಲೋಹವಲ್ಲದಿದ್ದರೂ ಏಕೆ ವಿದ್ಯುತ್ ಹರಿಸಿತು ಎಂದು ನಿಮ್ಮ ಗುರುಗಳನ್ನು ಕೇಳಿರಿ. ಮನೆಯ ಪ್ಲಗ್ಗಿನಲ್ಲಿ ಮಾತ್ರ ಈ ಪ್ರಯೋಗವನ್ನು ಎಂದಿಗೂ ಮಾಡಬೇಡಿರಿ.

ಸರ್ ಮಿರ್ಜಾ ಇಸ್ಮಾಯಿಲ್ ಅವರು ಬಲ್ಬನ್ನು ಕಂಡುಹಿಡಿದವರಲ್ಲ, ಪರಮಾಣುವನ್ನು ಒಡೆದವರೂ ಅಲ್ಲ. ಬೇರೆಯವರು ಕಂಡುಹಿಡಿದ ವಿದ್ಯೆಯನ್ನು ತನ್ನ ನಾಡಿನ ಮಣ್ಣಿನಲ್ಲಿ, ತನ್ನ ನಾಡಿನವರ ಕೈಯಲ್ಲಿ ವಸ್ತುವಾಗಿಸಿ ಜನರ ಬೀದಿಗೆ ತಲುಪಿಸಿದವರು. ಗಾಳಿಯಿಂದ ಹುಟ್ಟಿದ ವಿದ್ಯುತ್ತು ಇಂದು ನಮ್ಮ ಊರುಗಳಿಂದಲೇ ಹೊರಗೆ ಹೋಗುತ್ತಿದೆ. ಆ ಯಂತ್ರಗಳನ್ನು ನಡೆಸುವ, ದುರಸ್ತಿ ಮಾಡುವ, ನಾಳೆ ಅದಕ್ಕಿಂತ ಒಳ್ಳೆಯದನ್ನು ತಯಾರಿಸುವ ಎಂಜಿನಿಯರುಗಳು ನಮ್ಮ ಗಂಡು ಮಕ್ಕಳಲ್ಲಿ, ಹೆಣ್ಣು ಮಕ್ಕಳಲ್ಲಿ ಹುಟ್ಟಿಬರಲಿ. ಅದಕ್ಕೆ ಬೇಕಾದ ಮೊದಲ ಪಾಠ ನಿಮ್ಮ ಪಾಟೀಚೀಲದಲ್ಲಿಯೇ ಇದೆ.